ಕತ್ತರಿ ಕೆಳಗಿಟ್ಟ ಓಬಣ್ಣ

ಉಣ್ಣೆ ಕತ್ತರಿಸಿ ಮುಗಿದ ಪ್ರತಿ ಕುರಿಯ ಹೊಟ್ಟೆಗೂ ಓಬಣ್ಣ ಕೈಯ ಹಿಂಬದಿ ಒತ್ತಿ, "ಏನಮ್ಮಾ, ಚಳಿಯಾ?" ಅಂತ ಕೇಳುತ್ತಿದ್ದ. ಜಡ್ಡುಗಟ್ಟಿದ ಅಂಗೈಗೆ ಬಿಸಿ-ತಂಪು ತಿಳಿಯೋದಿಲ್ಲವಂತೆ. ಕಂಬದೂರಿನವನು, ನನಗೆ ಕತ್ತರಿ ಹಿಡಿಯೋದು ಕಲಿಸಿದವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಅವನ ಜೊತೆ ಆಂಧ್ರದ ಕಲ್ಯಾಣದುರ್ಗದ ಸುತ್ತಿನ ಹಟ್ಟಿಗಳಲ್ಲೆಲ್ಲ ದುಡಿದೆ. ಕೆಲಸದಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಆ ಜಂಬವೂ ಇತ್ತು.

ಓಬಣ್ಣನಿಗೆ ಓದು ಬರದು. ಹಿಂದೂಪುರದಲ್ಲಿ ಓದುತ್ತಿದ್ದ ಮಗಳು ಅವನ ಫೋನಿಗೆ ತುಫಾನಿನ ದಾರಿ ಹೇಳುವ ಎಐ ಹಾಕಿಕೊಟ್ಟಿದ್ದಳು. ಅದು ತೆಲುಗಿನಲ್ಲಿ ಮಾತಾಡುತ್ತಿತ್ತು.

"ಸಮುದ್ರಾನೇ ನೋಡದ ನಿಂಗೆ ತುಫಾನು ಯಾಕಣ್ಣೋ?" ಅಂತ ನಗುತ್ತಿದ್ದೆ.

"ಹಳೇ ತುಫಾನೆಲ್ಲ ಹೆಂಗೆಂಗೆ ನಡೆದ್ವು ಅಂತ ನೋಡಿ ಕಲ್ತೈತೆ ಕಣ್ಲಾ. ನಾನು ಕುರಿ ನಡಿಗೆ ನೋಡಿ ಯಾವ ಕಡೆ ತಿರುಗ್ತದೆ ಅಂತ ಹೇಳಲ್ವಾ? ಅಂಗೇ."

ಒಂದು ಕಾರ್ತೀಕದಲ್ಲಿ ರೊದ್ದಂ ಹತ್ತಿರ ನರಸಕ್ಕನ ಹಟ್ಟಿಗೆ ಹೋದೆವು. ಗಂಡನಿಲ್ಲದ ಹೆಂಗಸು, ಮೂವತ್ತು ಕುರಿಯೇ ಅವಳ ಬದುಕು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಓಬಣ್ಣ ಫೋನು ಕೇಳಿ ಕತ್ತರಿ ಕೆಳಗಿಟ್ಟ. "ನಮ್ಮ ಕಡೀಕೆ ತಿರುಗ್ತದಂತೆ. ಮೂರನೇ ದಿನಕ್ಕೆ ಮಳೆ. ಬೋಳು ಮೈ ತಡೆಯಲ್ಲ."

"ತಪ್ಪಿದ್ರೆ?" ಅಂದೆ.

"ತಪ್ಪಿದ್ರೆ ಉಣ್ಣೆ ಕುರಿ ಮೇಲೇ ಇರ್ತದೆ. ನಿಜ ಆದ್ರೆ ಏನ್ಮಾಡ್ತೀಯ?"

"ನರಸಕ್ಕನಿಗೆ ಮಾತು ಕೊಟ್ಟಿದ್ದೀನಿ" ಅಂದು ನಾನೊಬ್ಬನೇ ಎರಡು ದಿನದಲ್ಲಿ ಮೂವತ್ತನ್ನೂ ಬೋಳಿಸಿದೆ.

ಮೂರನೇ ದಿನ ಶೀತಗಾಳಿ, ಬಿಡದ ಜಿನುಗು ಮಳೆ. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಡುಗಿದವು. ಊರಿಗೆ ಹೋಗದೆ ಅಲ್ಲೇ ಉಳಿದಿದ್ದ ಓಬಣ್ಣ ಮನೆಮನೆ ಸುತ್ತಿ ಕಂಬಳಿ ತಂದ. ತಾನು ಹೊದ್ದದ್ದನ್ನೂ ಹೊದಿಸಿದ. "ಬೆಂಕಿ ಹಚ್ಚು ಕಣ್ಲಾ" ಅಂದ. ಒಂಬತ್ತು ಸತ್ತವು. ನರಸಕ್ಕ ಅಳಲಿಲ್ಲ, ಒಂದೊಂದರ ಕಿವಿ ಹಿಡಿದು ಹೆಸರು ಕರೆದಳು.

ಅವತ್ತು ನೆನೆದು ಹತ್ತಿದ ಕೆಮ್ಮು ಓಬಣ್ಣನನ್ನು ಬಿಡಲೇ ಇಲ್ಲ. ಹಿಂದೂಪುರದ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅವನ ಎದೆಗೆ ಕೈಯ ಹಿಂಬದಿ ಒತ್ತಿ, "ಚಳಿಯಾ ಅಣ್ಣಾ?" ಅಂದೆ.

"ನಿನ್ ಕೈಯೇ ತಣ್ಣಗೈತಲ್ಲೋ" ಅಂತ ನಕ್ಕ.

ಹೋದ ಕಾರ್ತೀಕದಲ್ಲಿ ನರಸಕ್ಕ ಮತ್ತೆ ಕರೆದಳು. ಓಬಣ್ಣನ ಮಗಳು ನನ್ನ ಫೋನಿಗೂ ಆ ಎಐ ಹಾಕಿಕೊಟ್ಟಿದ್ದಾಳೆ. ತುಫಾನು ನಮ್ಮ ಕಡೆ ತಿರುಗುತ್ತೆ ಅಂತು. ಕತ್ತರಿ ಕೆಳಗಿಟ್ಟೆ. ಅದು ಬೇರೆ ಕಡೆ ಹೋಯ್ತು. ನಾಲ್ಕು ದಿನವೂ ಬಿಸಿಲು. "ಇವನ ಮುಖ ನೋಡಿ ತುಫಾನು ಹೆದರ್ಕಂಡ್ ಓಡೋಯ್ತು ಕಣಪ್ಪ" ಅಂತ ಹಟ್ಟಿಯವರು ನಕ್ಕರು. ನಗಲಿ. ಒಂದು ಕುರಿಯ ಉಣ್ಣೆಯೊಳಗೆ ಕೈ ತೂರಿಸಿದೆ. ಬೆಚ್ಚಗಿತ್ತು. ಓಬಣ್ಣನಿಗೆ ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ.