ಕೊಂಡಿಗೊಂದು ಹೆಸರು

ಮೊನ್ನೆ ಟ್ರಂಕಿನ ತಳದಲ್ಲಿದ್ದ ಇಳಕಲ್ ಸೀರೆಯನ್ನು ಬಿಸಿಲಿಗೆ ಹಾಕಲೆಂದು ತೆಗೆದೆ. ಮಡಿಕೆ ಬಿಚ್ಚಿದ್ದೇ ತಡ, ನುಸಿಗುಳಿಗೆಯ ವಾಸನೆಯ ಅಡಿಯಿಂದ ಹೊಸ ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಎದ್ದು ಬಂತು. ಇಷ್ಟು ವರ್ಷ ಅದನ್ನು ಉಟ್ಟಿಲ್ಲ, ನೀರಿಗೂ ಹಾಕಿಲ್ಲ... ನೇಯ್ದವರು ನಮ್ಮ ಎದುರು ಮನೆಯ ಮುದುಕಿ, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ.

ನಾನು ಸೊಸೆಯಾಗಿ ಇಳಕಲ್ಲಿಗೆ ಬಂದಾಗ ಆ ಓಣಿಯಲ್ಲಿ ಕ್ರೈಸ್ತರ ಮನೆ ಎರಡೇ, ನಮ್ಮದು ಮತ್ತು ಕಾಕುವಿನದು. ಬಾಗಲಕೋಟೆಯಲ್ಲಿ ಸಂಡೇ ಸ್ಕೂಲಿನ ಬಹುಮಾನಗಳನ್ನೆಲ್ಲ ಬಾಚಿಕೊಂಡು ಬೆಳೆದವಳು ನಾನು. ಬೆಳಗ್ಗೆ ಐದಕ್ಕೆದ್ದು, ಬೈಬಲ್ ಓದಿ, ಮೊಣಕಾಲೂರಿದರೆ ಅರ್ಧ ತಾಸು.

"ಪ್ರಾರ್ಥನಿ ಮುಗೀತಿಲ್ಲೋ? ಹಾಲು ಉಕ್ಕಿ ಒಲಿಗೆ ಜಳಕಾ ಆತು ನೋಡು!" ಎಂದು ಅತ್ತೆ ಕೂಗುತ್ತಿದ್ದರು. ಎದ್ದು ಒಲೆ ಒರೆಸುತ್ತಿದ್ದೆ. ಮೊಣಕಾಲು ನೋಯುತ್ತಿದ್ದವು. ದೇವರು ಬಂದು ಹೋದಂತೆ ಮಾತ್ರ ಅನಿಸುತ್ತಿರಲಿಲ್ಲ.

ಕಾಕುವಿಗೆ ಓದು ಬಾರದು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತರೆ ಅವರ ಮಾತೆಲ್ಲ ದೇವರ ಜೊತೆಗೇ. ನಮ್ಮ ಅಡುಗೆಮನೆಯ ಕಿಟಕಿಗೆ ಎಲ್ಲವೂ ಕೇಳುತ್ತಿತ್ತು.

"ಯಪ್ಪಾ, ಎಳಿ ಹರೀತು, ಚೂರು ತಡಿ." "ಯಪ್ಪಾ, ಚಾದಾಗ ಸಕ್ಕರಿ ಜಾಸ್ತಿ ಆತಲ್ಲೋ."

ಸೀರೆಯ ಒಡಲಿನ ನೂಲಿಗೆ ಸೆರಗಿನ ನೂಲನ್ನು ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಸಾವಿರಾರು ಎಳೆಗಳ, ಕಣ್ಣು ಇಂಗುವ ಕೆಲಸ. ಕಾಕು ಒಂದೊಂದು ಕೊಂಡಿಗೆ ಒಬ್ಬೊಬ್ಬರ ಹೆಸರು ಹೇಳಿ ದೇವರಿಗೆ ಒಪ್ಪಿಸುತ್ತಿದ್ದರು. ಕುಡುಕ ಮಗ, ಹಾಲಿನವಳು, ನಮ್ಮ ಅತ್ತೆ, ಕಾಲು ಮುರಿದ ಆಡು... ಹೆಸರು ಮುಗಿದರೆ ಮತ್ತೆ ಮೊದಲಿನಿಂದ. ನನಗೆ ಹೊಟ್ಟೆ ಉರಿಯುತ್ತಿತ್ತು. ಬೈಬಲ್ ವಚನಗಳು ಬಾಯಿಪಾಠ ಇದ್ದದ್ದು ನನಗೆ; ಪಕ್ಕದಲ್ಲಿ ದೇವರು ಇದ್ದದ್ದು ಅವರಿಗೆ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಆ ದನಿ ಕೇಳಿತು. "ಯಪ್ಪಾ, ಎದುರು ಮನಿ ಸೊಸಿ ನಿನ್ನ ಹುಡುಕಿ ಹುಡುಕಿ ಭಾಳ ದಣದಾಳ. ಇಲ್ಲೇ ಎಷ್ಟಂತ ಕುಂಡ್ರತಿ? ಆಕಿ ಕಡೆನೂ ಹೋಗಿ ಬಾ."

ನನ್ನ ಕೈ ನಿಂತಿತು. ಮಿಕ್ಕ ಪಲ್ಯವನ್ನು ಬಟ್ಟಲಲ್ಲಿ ಹಾಕಿ ಎದುರು ಮನೆಗೆ ಕಳಿಸುವಂತೆ ನನಗೆ ದೇವರನ್ನು ಕಳಿಸುವುದೇ!

ಆ ಶುಕ್ರವಾರ ಚರ್ಚಿನ ಹೆಣ್ಣುಮಕ್ಕಳ ಪ್ರಾರ್ಥನಾಕೂಟದಲ್ಲಿ ಓದುವ ಸರದಿ ನನ್ನದು. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆಯನ್ನೇ ಆರಿಸಿ ಓದಿದೆ. "ಎಳಿ ಹರಿದ್ರ, ಚಾ ಸಿಹಿ ಆದ್ರ ದೇವರನ್ನ ಕರಿಯೂದು ಪಾಪ," ಎಂದೂ ಸೇರಿಸಿದೆ. ಎಲ್ಲರ ಕಣ್ಣು ಕಾಕುವಿನ ಕಡೆ ತಿರುಗಿದವು.

"ಖರೆ ಇದ್ದೀತವ್ವಾ," ಎಂದರು ಕಾಕು. "ನನಗ ಓದಾಕ ಬರಂಗಿಲ್ಲ ನೋಡು."

ಮರುದಿನ ಎದುರು ಮನೆಯಿಂದ ಮಗ್ಗದ ಲಾಳಿಯ ಸದ್ದು ಮಾತ್ರ ಕೇಳಿತು. ಅದರ ಮರುದಿನವೂ ಅಷ್ಟೇ. ಗೆದ್ದವಳು ನಾನು. ಆದರೆ ವಾರ ಕಳೆಯುವುದರೊಳಗೆ ಗೊತ್ತಾಯಿತು, ದಿನದಲ್ಲಿ ದೇವರು ಹತ್ತಿರ ಇದ್ದಾನೆಂದು ನನಗೆ ಅನಿಸುತ್ತಿದ್ದದ್ದು ಹಿಟ್ಟಿನ ಕೈಯಲ್ಲಿ ಆ ಕಿಟಕಿಯ ಬಳಿ ನಿಂತಾಗ ಮಾತ್ರ. ಆ ಕಿಟಕಿಯನ್ನು ನಾನೇ ಮುಚ್ಚಿದ್ದೆ.

ತಪ್ಪಾಯಿತು ಎನ್ನಲು ಬದನೆಕಾಯಿ ಪಲ್ಯ ಹಿಡಿದು ಹೋದೆ. "ಕಾಕು, ಪಲ್ಯಾ ತಂದೀನ್ರಿ," ಎಂದಷ್ಟೇ ಬಾಯಿಗೆ ಬಂತು. "ಇಡವ್ವಾ. ಉಪ್ಪು ನೋಡಿ ಹಾಕೀಯಿಲ್ಲೋ?" ಎಂದು ನಕ್ಕರು. ಹಾಗೇ ತಿರುಗಿ ಬಂದೆ. ಇನ್ನೊಂದು ದಿನ ಹೇಳಿದರಾಯಿತು ಎಂದು...

ಕಣ್ಣು ಮಂಜಾಗಿ ಬಾದಾಮಿಯ ಮಗಳ ಮನೆಗೆ ಹೊರಟ ದಿನ ಕಾಕು ಈ ಸೀರೆಯನ್ನು ನನ್ನ ಕೈಗಿಟ್ಟರು. "ಉಟ್ಕೊಳವ್ವಾ. ಇದನ್ನ ನೇಯುವಾಗ ಬಾಯಿ ಮುಚ್ಕೊಂಡ ಕುಂತಿದ್ದೆ." ಚುಚ್ಚಿದರೋ, ಸಮಾಧಾನ ಹೇಳಿದರೋ ಇವತ್ತಿಗೂ ತಿಳಿದಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಈಗ ಅಡುಗೆಮನೆಯಲ್ಲಿ ನಾನೂ, "ಯಪ್ಪಾ, ಸಾರಿಗೆ ಉಪ್ಪು ಹಾಕಿದ್ನೇನು?" ಎಂದು ಕೇಳುತ್ತೇನೆ. ಕೆಲವು ದಿನ ಯಾರೋ ಕೇಳಿಸಿಕೊಂಡ ಹಾಗಿರುತ್ತದೆ. ಹಲವು ದಿನ ಇಲ್ಲ. ಕಾಕುವಾದರೋ ಈಗ ಅವನ ಎದುರಿಗೇ ಕೂತಿರುತ್ತಾರೆ. ಆ ಯೋಚನೆ ಬಂದಾಗೆಲ್ಲ ಹೊಟ್ಟೆಯಲ್ಲಿ ಅದೇ ಹಳೆಯ ಉರಿ.

ಬಿಸಿಲಲ್ಲಿ ಸೀರೆ ಹರವಿ, ಕೊಂಡಿ ಕೂಡಿದ ಗೆರೆಯ ಮೇಲೆ ಬೆರಳಾಡಿಸಿದೆ. ಸಾವಿರಾರು ಕೊಂಡಿ, ಒಂದಕ್ಕೂ ಬಾಯಿಬಿಟ್ಟು ಹೇಳಿದ ಹೆಸರಿಲ್ಲ.

"ಯಪ್ಪಾ," ಎಂದೆ, "ಅಲ್ಲ್ಯಾದ್ರೂ ಕಾಕುನ್ನ ಬಾಯಿತುಂಬ ಮಾತಾಡಾಕ ಬಿಡು."