ಹಿಂಬದಿಯ ಬಲಚಕ್ರ

ಗೆರ್ವಿನ್ ಕ್ಲಾಗೆಸ್ ತನ್ನ ಕಾರಿನ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಕೊಡದೆ ಇದ್ದ ಕಥೆಗಳು ಮಾತ್ರ ಜರ್ಮನಿಯ ಹಿಲ್ಡೆಸ್‌ಹೈಮಿನ ಅವನ ಬೀದಿಯಲ್ಲಿ ಬೇಕಾದಷ್ಟಿದ್ದವು. ಭಾವಮೈದುನನ ಮದುವೆಗೆ ಕಾರನ್ನು ಹೂವಿನಿಂದ ಸಿಂಗರಿಸಲು ಒಪ್ಪಿದವನು ಮದುಮಗನಿಗೆ ಸ್ಟೀರಿಂಗ್ ಮುಟ್ಟಗೊಡದೆ ತಾನೇ ಓಡಿಸಿದ್ದ. ಬೆನ್ನು ಹಿಡಿದು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾರದೆ ಮಲಗಿದ್ದ ಚಳಿಗಾಲದಲ್ಲಿ ಅವನ ಹೆಂಡತಿ ಇರ್ಮ್‌ಟ್ರೌಟ್ ಔಷಧಿ ತರಲು ಹಿಮದಲ್ಲಿ ಸೈಕಲ್ ತುಳಿದುಕೊಂಡು ಹೋಗಿದ್ದಳು. ಕಾರು ಗ್ಯಾರೇಜಿನಲ್ಲಿ ಕಂಬಳಿ ಹೊದ್ದು ಬೆಚ್ಚಗೆ ನಿಂತಿತ್ತು.

ಅವನ ಉದ್ಯೋಗ ನಗರದ ನೀರಿನ ಪಂಪುಮನೆಯಲ್ಲಿ. ಯಂತ್ರದ ಸದ್ದು ಕೂದಲೆಳೆಯಷ್ಟು ಬದಲಾದರೂ ಕಿವಿ ನಿಮಿರಬೇಕಾದ ಕೆಲಸ ಅದು. ಆ ಕಿವಿಯನ್ನು ಅವನು ಸಂಜೆ ಮನೆಗೂ ಹೊತ್ತು ತರುತ್ತಿದ್ದ. ಕಾರು ಕಡುಹಸಿರು ಬಣ್ಣದ ಹಳೆಯ ಮರ್ಸಿಡಿಸ್. ಅವನ ಕೈಗೆ ಬಂದಾಗಲೇ ಅದರ ಅಡಿಭಾಗ ತುಕ್ಕಿನಿಂದ ಜರಡಿಯಾಗಿತ್ತು. ವರ್ಷಗಟ್ಟಲೆ ಕೆರೆದು, ಬೆಸೆದು, ಮೇಣ ಬಳಿದು ಅದನ್ನು ಉಳಿಸಿಕೊಂಡಿದ್ದ. ತನಗೆ ಇಷ್ಟವಾದಂತೆ ಅಲ್ಲಲ್ಲಿ ತಿದ್ದಿಯೂ ಇದ್ದ: ಹೊಸ ಮಾದರಿಯ ಐದು ಗೇರುಗಳ ಪೆಟ್ಟಿಗೆ, ಮರದ ಸ್ಟೀರಿಂಗ್, ಒಂದಿಷ್ಟು ಗಿಡ್ಡ ಸ್ಪ್ರಿಂಗು, ಬೇಸಿಗೆಗೆ ಅಗಲವಾದ ಅಲ್ಯೂಮಿನಿಯಂ ಚಕ್ರಗಳು. ಪ್ರತಿಯೊಂದು ತಿದ್ದುಪಡಿಯನ್ನೂ ತಪಾಸಣೆಯವರ ಮುಂದಿಟ್ಟು, ವಾಹನಪತ್ರದ ಮೇಲೆ ಮೊಹರು ಬಿದ್ದ ಮೇಲೆಯೇ ರಸ್ತೆಗಿಳಿಸುತ್ತಿದ್ದ. ಮೊಹರಿಲ್ಲದ ಒಂದು ತಿರುಪು ಕೂಡ ಅವನ ಕಾರಿನಲ್ಲಿರಲಿಲ್ಲ.

ಇಷ್ಟಾದರೂ ನೆಮ್ಮದಿ ಎಂಬುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಎಂಜಿನ್ ಬಿಸಿಯಾಗುವ ಮುನ್ನ ಯಾರೂ ಮಾತಾಡಕೂಡದು, ಅವನು ಕೇಳಿಸಿಕೊಳ್ಳಬೇಕು. ಪ್ರಯಾಣದ ನಡುವೆ ನಿಲ್ಲಿಸಿ, ಬಗ್ಗಿ ಟೈರು ಮುಟ್ಟಿ ನೋಡಬೇಕು. ಬೇರೆಯವರ ಕಾರುಗಳ ಬಗೆಗೂ ಅವನಿಗೆ ಅಷ್ಟೇ ಕಳವಳ. ಪಕ್ಕದ ಮನೆಯ ಹೈನರ್ ಪೋಲ್‌ಮನ್ ಮುದಿ ಓಪೆಲ್ ಚಾಲೂ ಮಾಡಿದರೆ ಸಾಕು, ಇವನು ಬೇಲಿಯ ಮೇಲಿಂದ ಕತ್ತು ಚಾಚಿ ಎಂಜಿನ್ನಿನ ಬೆಲ್ಟು ಇಂದೋ ನಾಳೆಯೋ ಹರಿಯಲಿದೆ ಎಂದು ಎಚ್ಚರಿಸುತ್ತಿದ್ದ. ಪೋಲ್‌ಮನ್ ನಕ್ಕು, ಈ ಬೆಲ್ಟು ನಿನ್ನ ತಿಥಿಯೂಟಕ್ಕೂ ನನ್ನನ್ನು ಕರೆದೊಯ್ಯುತ್ತದೆ ಎನ್ನುತ್ತಿದ್ದ. ಹೀಗೆ ಎಲ್ಲದಕ್ಕೂ ಎಚ್ಚರಿಸುವವನ ಮಾತನ್ನು ಕ್ರಮೇಣ ಯಾರೂ ಎಚ್ಚರಿಕೆಯೆಂದು ಎಣಿಸದಾದರು. ಮನೆಯಲ್ಲೂ ಅಷ್ಟೇ.

ಮಗಳು ಗೇಶೆ ಪುಸ್ತಕ ಕಟ್ಟುವ ಕಸುಬು ಕಲಿತವಳು. ಸಾವಿರದೊಂಬೈನೂರ ಎಂಬತ್ತೆಂಟರ ಈಸ್ಟರಿಗೆ ಮುಂಚೆ ದೂರದ ದಕ್ಷಿಣದ ವ್ಯೂರ್ಟ್ಸ್‌ಬರ್ಗಿನ ಹಿರಿಯ ಕಸುಬುದಾರನೊಬ್ಬ ಅವಳನ್ನು ಪರೀಕ್ಷೆಗೆ ಕರೆದಿದ್ದ. ಒಪ್ಪಿಗೆಯಾದರೆ ಅಲ್ಲೇ ಕೆಲಸ. ಪುಸ್ತಕ ಅದುಮುವ ತನ್ನ ಕಬ್ಬಿಣದ ಒತ್ತುಯಂತ್ರವನ್ನೂ ಅವಳು ಒಯ್ಯಬೇಕಿತ್ತು. ಅದು ಎರಡಾಳಿನ ಭಾರ, ರೈಲಿನಲ್ಲಿ ಒಯ್ಯುವಂಥದ್ದಲ್ಲ. ಬುಧವಾರ ಸಂಜೆ ಅವಳು ಗ್ಯಾರೇಜಿಗೆ ಬಂದಾಗ ಕ್ಲಾಗೆಸ್ ಚಳಿಗಾಲದ ಉಕ್ಕಿನ ಚಕ್ರ ತೆಗೆದು ಬೇಸಿಗೆಯವನ್ನು ಹಾಕುತ್ತಿದ್ದ. ಅಕ್ಟೋಬರಿನಲ್ಲಿ ಒಮ್ಮೆ, ಈಸ್ಟರಿನಲ್ಲಿ ಒಮ್ಮೆ, ಆ ನಾಡಿನಲ್ಲಿ ಪಂಚಾಂಗದಷ್ಟೇ ನಿಶ್ಚಿತವಾದ ಕೆಲಸ. ಉಕ್ಕಿನ ಚಕ್ರಕ್ಕೆ ಗಿಡ್ಡ ಬೋಲ್ಟು. ದಪ್ಪನೆಯ ಅಲ್ಯೂಮಿನಿಯಂ ಚಕ್ರಕ್ಕೆ ಉದ್ದನೆಯವು. ಎರಡಕ್ಕೂ ಬೇರೆ ಬೇರೆ ಡಬ್ಬಿ. ಗಿಡ್ಡ ಬೋಲ್ಟು ಅಲ್ಯೂಮಿನಿಯಂ ಚಕ್ರದಲ್ಲಿಯೂ ಕೂರುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ. ಆದರೆ ಒಳಗೆ ಅದು ಹಿಡಿದಿರುವುದು ಎರಡು ಮೂರು ಸುತ್ತು ಮಾತ್ರ. ಚಕ್ರ ಉರುಳಿದಷ್ಟೂ ಸಡಿಲವಾಗುತ್ತಾ ಬರುತ್ತದೆ.

ಮೂರು ಚಕ್ರಗಳಾಗಿದ್ದವು. ನಾಲ್ಕನೆಯದನ್ನು, ಎಂದರೆ ಹಿಂಬದಿಯ ಬಲಚಕ್ರವನ್ನು, ಎತ್ತಿಟ್ಟಾಗ ಗೇಶೆ ಮೊಗಚಿದ ಬಕೆಟ್ಟಿನ ಮೇಲೆ ಕುಳಿತು ಮಾತು ತೆಗೆದಳು. ಕಾರು ಕೇಳುವುದಕ್ಕೆ ಮೂರು ವಾರದಿಂದ ಧೈರ್ಯ ಸಾಲದೆ ಒದ್ದಾಡಿದ್ದಳಂತೆ. ಆಮೇಲೆ ತಡೆದು ತಡೆದು ಹೇಳಿದಳು:

"ಪಾಪಾ, ನಿನ್ನ ಹತ್ರ ಏನನ್ನಾದ್ರೂ ಕೇಳೋಕ್ಕಿಂತ ಗೊತ್ತಿಲ್ಲದವರ ಹತ್ರ ಕೇಳೋದು ನನಗೆ ಸುಲಭ. ಚಿಕ್ಕವಳಿದ್ದಾಗಿಂದ್ಲೂ ಹಂಗೇನೆ."

ಕ್ಲಾಗೆಸ್ ಕೈಯಲ್ಲಿದ್ದದ್ದನ್ನು ತಿರುಗಿಸುತ್ತಲೇ ಇದ್ದ. ಕಣ್ಣು ಮಾತ್ರ ಮಗಳ ಮುಖದ ಮೇಲಿತ್ತು.  ಐದನೆಯ ಬೋಲ್ಟು ಬಿಗಿಯಾದ ಮೇಲೆ, ಕಾರು ತೆಗೆದುಕೊಂಡು ಹೋಗು ಎಂದ.

ಗುರುವಾರ ಬೆಳಿಗ್ಗೆ ಒತ್ತುಯಂತ್ರವನ್ನು ಹಿಂದೆ ಹೇರಿಕೊಂಡು ಅವಳು ಹೊರಟಳು. ಎಣ್ಣೆ, ನೀರು, ಬ್ರೇಕು, ತಣ್ಣನೆಯ ಎಂಜಿನ್ ಎಂದು ಅವನ ಉಪದೇಶ ಮಾಲೆ ಮಾಲೆಯಾಗಿ ಬಂತು. ಐವತ್ತು ಕಿಲೋಮೀಟರಿನ ನಂತರ ನಿಲ್ಲಿಸಿ ಚಕ್ರದ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡು ಎಂಬುದೂ ಆ ಮಾಲೆಯಲ್ಲಿ ಎಲ್ಲೋ ಒಂದು ಮಣಿ. ಅವಳು ನೊಣ ಓಡಿಸುವವಳಂತೆ ತಲೆಯಾಡಿಸಿದಳು.

ಕಾರು ಮರೆಯಾದ ಮೇಲೆ ಕ್ಲಾಗೆಸ್ ಕಾಫಿ ಕುಡಿದು, ಗಿಡ್ಡ ಬೋಲ್ಟುಗಳನ್ನು ತೊಳೆದು ಎಣ್ಣೆ ಸವರಿಡೋಣವೆಂದು ಗ್ಯಾರೇಜಿಗೆ ಹೋದ. ಬೇಸಿಗೆಯ ಡಬ್ಬಿ ಕಾಲಿಗೆ ತಗುಲಿತು. ಖಾಲಿಯಿರಬೇಕಾದ ಡಬ್ಬಿ ಗಲಗಲ ಎಂದಿತು.

ಮುಚ್ಚಳ ತೆಗೆದ. ಒಳಗೆ ಐದು ಉದ್ದನೆಯ ಬೋಲ್ಟುಗಳು ಶುಭ್ರವಾಗಿ ಮಲಗಿದ್ದವು. ಒಂದು ಚಕ್ರಕ್ಕೆ ಬೇಕಾಗುವುದು ಐದೇ.

 ಯಾವ ಚಕ್ರವೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಜನ್ಮದಲ್ಲಿ ಒಮ್ಮೆ ಕೈಗಿಂತ ಮಗಳ ಮುಖವನ್ನು ನೋಡಿದ್ದ. ಆಗಲೇ ಕೈ ತಪ್ಪಿತ್ತು. ದಾರಿ ಕಣ್ಣ ಮುಂದೆ ಬಂತು: ಈಗ ಬಯಲು, ಗಟಿಂಗನ್ ದಾಟಿದ ಮೇಲೆ ಕಾಸೆಲ್ಲಿನ ಬೆಟ್ಟಗಳು. ಲಾರಿಗಳೇ ಉಸಿರು ಬಿಗಿಹಿಡಿದು ಇಳಿಯುವ ಇಳಿಜಾರು, ಹಿಂದೆ ಒತ್ತುಯಂತ್ರದ ಭಾರ.

ಹೆದ್ದಾರಿ ಪೊಲೀಸರಿಗೆ ಫೋನ್ ಮಾಡಿದ. ಅವರು ಸೌಜನ್ಯದಿಂದಲೇ ಕೇಳಿ ಬರೆದುಕೊಂಡರು. ಆದರೆ ಹಬ್ಬದ ಗುರುವಾರ, ಅರ್ಧ ಜರ್ಮನಿ ದಕ್ಷಿಣಕ್ಕೆ ಹೊರಟಿದೆ, ಕಂಡರೆ ನಿಲ್ಲಿಸುತ್ತೇವೆ ಎಂದರು. ಉಳಿದದ್ದು ರೇಡಿಯೋ. ಪ್ರಯಾಣದಲ್ಲಿರುವವರ ಮನೆಯಲ್ಲಿ ಯಾರಿಗಾದರೂ ಪ್ರಾಣಾಪಾಯವಾದರೆ ವಾಹನ ಸವಾರರ ಸಂಘದವರು ರೇಡಿಯೋದಲ್ಲಿ ಹೆಸರು ಹಿಡಿದು ಕರೆಸುತ್ತಾರೆ. ಈಸ್ಟರಿನ ದಟ್ಟಣೆಯಲ್ಲಿ ರೇಡಿಯೋ ಹಾಕದೆ ಯಾರೂ ಹೆದ್ದಾರಿಗಿಳಿಯುವುದಿಲ್ಲ. ಅವನು ಸಂಘಕ್ಕೆ ಫೋನ್ ಮಾಡಿದ. ಆ ಕಡೆಯ ಹೆಂಗಸು ಕಾಯಿಲೆ ಯಾರಿಗೆ ಎಂದು ಕೇಳಿದಳು.

"ಯಾರಿಗೂ ಇಲ್ಲ. ಜೀವಕ್ಕೆ ಅಪಾಯ ಇರೋದು ನನ್ನ ಮಗಳಿಗೆ."

"ಕರೆಸಬೇಕಾಗಿರೋದೂ ಮಗಳನ್ನೇ ಅಂದ್ರಲ್ಲ?"

"ಹೌದು. ಅವಳಿಗೆ ಗೊತ್ತಿಲ್ಲ."

ಆ ಹೆಂಗಸು ಎಲ್ಲವನ್ನೂ ಹೇಳಿಸಿಕೊಂಡಳು. ಇದು ನಿಯಮಕ್ಕೆ ಹೊಂದುವುದೋ ಇಲ್ಲವೋ ಎಂದು ಆಮೇಲೆ ತಾನು ನೋಡಿಕೊಳ್ಳುತ್ತೇನೆ ಎಂದಳು. ನಿಧಾನವಾಗಿ ಓಡಿಸಲಿ ಎಂದು ಸೇರಿಸಬಹುದೇ ಎಂದು ಕ್ಲಾಗೆಸ್ ಬೇಡಿಕೊಂಡ. ಅದು ಮಾತ್ರ ಆಗದು, ಕಾರಣವನ್ನು ಲೋಕಕ್ಕೆಲ್ಲ ಸಾರುವಂತಿಲ್ಲ, ಕರೆಯ ಒಕ್ಕಣೆ ಎಲ್ಲರಿಗೂ ಒಂದೇ ಎಂದಳು.

ಇರ್ಮ್‌ಟ್ರೌಟ್ ಅಡುಗೆಮನೆಯಲ್ಲಿ ಈಸ್ಟರಿಗೆ ಮುಂಚಿನ ಗುರುವಾರದ ಪದ್ಧತಿಯಂತೆ ಪಾಲಕ್ ಬೇಯಿಸುತ್ತಿದ್ದಳು. ಅವನು ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ, ಒಲೆ ಆರಿಸಿ, ರೇಡಿಯೋದ ಸದ್ದು ಏರಿಸಿ, ಅದರೆದುರು ನಿಂತಳು. ಸಂಚಾರ ವಾರ್ತೆ ಬಂತು. ಕ್ಲಾಗೆಸ್ ಜೀವನದಲ್ಲಿ ಮೊದಲ ಬಾರಿಗೆ, ಮಗಳ ದಾರಿಯಲ್ಲಿ ಮೈಲುಗಟ್ಟಲೆ ವಾಹನಗಳು ಸಿಕ್ಕಿಹಾಕಿಕೊಂಡಿರಲಿ ಎಂದು ಹಾರೈಸಿದ. ಹ್ಯಾಂಬರ್ಗಿನ ಬಳಿ ಸಾಲು, ಹ್ಯಾನೋವರಿನ ಬಳಿ ಸಾಲು. ಅಲ್ಲಿಂದ ದಕ್ಷಿಣಕ್ಕೆ ರಸ್ತೆ ಸರಾಗ ಎಂದಿತು ರೇಡಿಯೋ. ಬಳಿಕ ಅದೇ ನಿರ್ವಿಕಾರ ದನಿಯಲ್ಲಿ:

"ಪಯಣಿಗರಿಗೊಂದು ಕರೆ. ಹಿಲ್ಡೆಸ್‌ಹೈಮಿನ ಗೇಶೆ ಕ್ಲಾಗೆಸ್ ಅವರು ಕಡುಹಸಿರು ಮರ್ಸಿಡಿಸ್ ಕಾರಿನಲ್ಲಿ ವ್ಯೂರ್ಟ್ಸ್‌ಬರ್ಗಿನತ್ತ ಪ್ರಯಾಣಿಸುತ್ತಿದ್ದಾರೆ. ಅವರು ದಯವಿಟ್ಟು ಕೂಡಲೇ ತಮ್ಮ ತಂದೆಗೆ ದೂರವಾಣಿ ಮಾಡಬೇಕು."

ಕ್ಲಾಗೆಸ್ ನಿರಾಳವಾಗಿ ಕುರ್ಚಿಯಲ್ಲಿ ಕುಳಿತ. ಇರ್ಮ್‌ಟ್ರೌಟ್ ಕದಲಲಿಲ್ಲ. 

"ತಂದೆಗೆ ಅಂದ್ರಲ್ಲ ಗೆರ್ವಿನ್. ನಾನು ಸತ್ತೆ ಅಂದ್ಕೊಳ್ತಾಳೆ ಅವಳು."

ಅವನು ತಲೆಯೆತ್ತಿದ.

"ಇನ್ನು ಮುಂದಿನ ಫೋನ್ ಎಲ್ಲಿ ಸಿಗುತ್ತೆ ಅಂತ ಗಾಳಿ ಹಾಗೆ ಓಡಿಸ್ತಾಳೆ," ಎಂದಳು ಇರ್ಮ್‌ಟ್ರೌಟ್.

 ಬಾಯಿಂದ ಹೊರಟ ಮಾತನ್ನೇ ಹಿಂದಕ್ಕೆ ಕರೆಯಲಾಗದು. ರೇಡಿಯೋದಿಂದ ಹೊರಟದ್ದನ್ನು ಕರೆಯುವುದು ಹೇಗೆ? ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ರೇಡಿಯೋ ಕೇಳಿ ಬಂದ ಪೋಲ್‌ಮನ್ ದಂಪತಿ ನಿಂತಿದ್ದರು. ಹೆಂಡತಿಯ ಕೈಯಲ್ಲಿ ಹಬ್ಬಕ್ಕೆಂದು ಬೇಯಿಸಿದ ಬೆಣ್ಣೆ ಕೇಕಿನ ತಟ್ಟೆ. ಆ ಸೀಮೆಯಲ್ಲಿ ಸಾವಿನ ಮನೆಗೆ ಒಯ್ಯುವುದು ಅದನ್ನೇ. ಬಾಗಿಲು ತೆರೆದವಳು ಇರ್ಮ್‌ಟ್ರೌಟಳೇ ಆಗಿದ್ದರಿಂದ ಆಕೆ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳ ಕೈಯಲ್ಲೇ ಇಟ್ಟಳು. ಇವರೇ ಹೀಗೆ ತಿಳಿದ ಮೇಲೆ ಆ ಹುಡುಗಿಯ ಗತಿಯೇನು ಎಂದು ಇರ್ಮ್‌ಟ್ರೌಟ್ ತನ್ನಷ್ಟಕ್ಕೆ ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು.

ನಾಲ್ವರೂ ಫೋನಿನ ಸುತ್ತ ನಿಂತರು. ಯಾರೂ ಕುಳಿತುಕೊಳ್ಳಲಿಲ್ಲ. ಕ್ಲಾಗೆಸನಿಗೆ ಐದು ಬೋಲ್ಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು ಕೇಳಿಸುತ್ತಿತ್ತು. ಯಂತ್ರಗಳ ಸದ್ದನ್ನು ಗೋಡೆಯಾಚೆಯಿಂದ ಗುರುತಿಸಬಲ್ಲ ಕಿವಿ ಈಗ ಇಲ್ಲದ ಸದ್ದನ್ನೂ ಬಿಡದೆ ಕೇಳುತ್ತಿತ್ತು.

ಫೋನ್ ಮೊಳಗಿದಾಗ ಅವನು ಎತ್ತಿದ. ಏದುಸಿರು, ಅದರ ಹಿಂದೆ ಲಾರಿಗಳ ಮೊರೆತ.

"ಅಮ್ಮನಾ?"

ಅವನು ಬಾಯಿ ತೆರೆಯುವ ಮೊದಲೇ ಇರ್ಮ್‌ಟ್ರೌಟ್ ಫೋನನ್ನು ಕಿತ್ತುಕೊಂಡಳು.

"ನಾನು ಗಟ್ಟಿಯಾಗಿದೀನಿ. ನಿಮ್ಮಪ್ಪ ಹಿಂದಿನ ಬಲಚಕ್ರಕ್ಕೆ ತಪ್ಪು ಬೋಲ್ಟು ಹಾಕಿದಾನೆ. ಇನ್ನೊಂದಡಿ ಮುಂದೆ ಓಡಿಸ್ಬೇಡ."

ಆ ಕಡೆ ಗೇಶೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಗಟಿಂಗನ್ ಹತ್ತಿರದ ವಿಶ್ರಾಂತಿತಾಣದಲ್ಲಿದ್ದಾಳೆ ಎಂಬಷ್ಟು ಗೊತ್ತಾಯಿತು. ಚಕ್ರ ನೋಡಿ ಬರುತ್ತೇನೆ ಎಂದು ಫೋನನ್ನು ನೇತುಬಿಟ್ಟು ಹೋದಳು. ಅವಳು ಬರುವಷ್ಟರಲ್ಲಿ ನಾಣ್ಯ ಮುಗಿದು ಕರೆ ಕಡಿಯಿತು.

ಪೋಲ್‌ಮನ್ ಆಗಲೇ ಕೀಲಿ ತೆಗೆದುಕೊಂಡಿದ್ದ. ಕ್ಲಾಗೆಸ್ ಐದು ಬೋಲ್ಟುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಬೋಲ್ಟು ಬಿಗಿಮಾಡುವ ತಿರುಚುಕೋಲು ಹಿಡಿದು ಓಪೆಲ್ಲಿನಲ್ಲಿ ಕುಳಿತ. ಬೆಲ್ಟು ಎಂದಿನಂತೆ ಕಿರುಗುಟ್ಟಿತು. ಪೋಲ್‌ಮನ್ ಓರೆಗಣ್ಣಿನಿಂದ ನೋಡಿದ.

"ಇವತ್ತು ಏನೂ ಹೇಳಲ್ವೇನೋ?"

ಹೊರಡು ಎಂದಷ್ಟೇ ಹೇಳಿದ ಕ್ಲಾಗೆಸ್. ದಾರಿಯುದ್ದಕ್ಕೂ ಅಂಚಿನಲ್ಲಿ ನಿಂತ ಪ್ರತಿಯೊಂದು ಹಸಿರು ಕಾರನ್ನೂ ಅವನು ಕತ್ತು ತಿರುಗಿಸಿ ನೋಡುತ್ತಿದ್ದ. ಫೋನಿನಲ್ಲಿ ಅವಳ ದನಿ ಕೇಳಿದ್ದಾಗಿದೆ, ಇನ್ನು ಹೆದರಿಕೆಯಿಲ್ಲ ಎಂದು ಪೋಲ್‌ಮನ್ ಹೇಳಿದ್ದು ಅವನ ತಲೆಗೆ ಹೋಗಲಿಲ್ಲ. ಕಾಯುವುದು ಬೇಸರವಾಗಿ, ಪರೀಕ್ಷೆಗೆ ತಡವಾಗುತ್ತದೆಂದು, ಇದೂ ಅಪ್ಪನ ಎಂದಿನ ಗೋಳೆಂದು ಅವಳು ಹೊರಟುಬಿಟ್ಟಿದ್ದರೆ?

ಗೇಶೆ ಹೊರಟಿರಲಿಲ್ಲ. ಕಾರಿನ ಪಕ್ಕ ಕಲ್ಲುಕಟ್ಟೆಯ ಮೇಲೆ ಮೊಣಕಾಲು ತಬ್ಬಿ ಕುಳಿತಿದ್ದಳು. ಚಕ್ರದಲ್ಲಿ ಮೂರು ಬೋಲ್ಟುಗಳಿದ್ದವು. ಇನ್ನೊಂದು ಅವಳ ಅಂಗೈಯಲ್ಲಿತ್ತು. ಬೆರಳಿನಿಂದ ತಿರುಗಿಸಿದ್ದೇ ಕೈಗೆ ಬಂದಿತ್ತು. ಐದನೆಯದು ರಸ್ತೆಯಲ್ಲೆಲ್ಲೋ ಬಿದ್ದುಹೋಗಿತ್ತು.

"ಬಿಗಿ ಮಾಡು ಅಂದಿದ್ದೆ ನೀನು. ನಿನ್ನ ನೂರು ಮಾತಲ್ಲಿ ಅದೂ ಒಂದು ಅಂದ್ಕೊಂಡೆ," ಎಂದಳು. ಸ್ವಲ್ಪ ತಡೆದು, "ಕರೆ ಕೇಳಿದ ಮೇಲೆ ನೂರಾ ಅರವತ್ತರಲ್ಲಿ ಬಂದೆ."

ಅವನು ಮಗಳ ಮುಖ ನೋಡಲಾರದೆ ಮಂಡಿಯೂರಿದ. ಜಾಕಿನ ಮೇಲೆ ಕಾರೆತ್ತಿ, ಗಿಡ್ಡ ಬೋಲ್ಟುಗಳನ್ನು ತೆಗೆದು, ಸವೆದ ತೂತುಗಳನ್ನು ಬೆರಳಿನಿಂದ ಒಂದೊಂದಾಗಿ ಸವರಿದ. ಬಿರುಕಿರಲಿಲ್ಲ. ಉದ್ದನೆಯವನ್ನು ಕೂರಿಸಿದ. ಎರಡು ಸಲ ಬೋಲ್ಟು ಅವನ ಕೈಯಿಂದ ಜಾರಿ ಬಿತ್ತು. ಎರಡು ಸಲವೂ ಗೇಶೆಯೇ ಹೆಕ್ಕಿ ಕೊಟ್ಟಳು. ಬಿಗಿ ಮಾಡಿ ಎದ್ದವನು ತಿರುಚುಕೋಲನ್ನು ಅವಳತ್ತ ಚಾಚಿದ.

"ನೀನು ನೋಡು. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಹಾಗೆಂದು ಅವನು ಯಾರಿಗೂ ಹೇಳಿದ್ದಿಲ್ಲ. ಗೇಶೆ ಐದನ್ನೂ ನೋಡಿದಳು. ಬಳಿಕ, ಅವನು ಕೇಳದಿದ್ದರೂ, ಉಳಿದ ಮೂರು ಚಕ್ರಗಳನ್ನೂ ಸುತ್ತಿ ಬಂದಳು. ಒಂದು ಬೋಲ್ಟು ಅರ್ಧ ಸುತ್ತು ತಿರುಗಿತು. ಯಾವುದೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ.

ಬೆಟ್ಟ ಇಳಿದ ಮೇಲೆ ಮತ್ತೆ ನಿಲ್ಲಿಸಿ ಬಿಗಿ ಮಾಡಿ ಮನೆಗೆ ಫೋನ್ ಮಾಡುವುದಾಗಿ ಅವಳೇ ಹೇಳಿದಳು. ತಾನೂ ಜೊತೆಗೆ ಬರಲೇ ಎಂಬ ಮಾತು ಕ್ಲಾಗೆಸನ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡ. ಎಂಜಿನ್ ಬಿಸಿಯಾಗುವವರೆಗೆ ಅವಳು ಕಿಟಕಿ ಇಳಿಸಿಕೊಂಡು ಸುಮ್ಮನೆ ಕುಳಿತಿದ್ದಳು, ಆಮೇಲೆ ಹೊರಟಳು.

ಹಸಿರು ಕಾರು ಹೆದ್ದಾರಿಯ ಹೊಳೆಗೆ ಸೇರುವವರೆಗೂ ಕ್ಲಾಗೆಸ್ ಎವೆಯಿಕ್ಕದೆ ನಿಂತಿದ್ದ.

"ಹುಡುಗಿ ಅಷ್ಟು ಹೊತ್ತು ಕೈ ಬೀಸಿದ್ಲು, ನೀನು ಕಂಬದ ಹಾಗೆ ನಿಂತಿದ್ದೆ," ಎಂದ ಪೋಲ್‌ಮನ್.

"ಬೀಸಿದ್ಲಾ? ನಾನು ಚಕ್ರ ನೋಡ್ತಿದ್ದೆ."

"ಗೊತ್ತು. ಅದಕ್ಕೇ ನಾನು ಬೀಸಿದೆ. ಕಾರು ಹತ್ತು, ಫೋನ್ ಬರೋ ಹೊತ್ತಿಗೆ ಮನೇಲಿರ್ಬೇಕು."