ಮೆಂಜಾಳ ಅಪ್ಪನ ಕಲ್ಲು

ಮೆಂಜಾ ಮೂವತ್ತೊಂದು ವರ್ಷ ಓಲ್ಟನ್ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕಿಟಕಿಯ ಹಿಂದೆ ಕೂತಿದ್ದಳು. ಕೊಡೆ, ಕನ್ನಡಕ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಎಲ್ಲಕ್ಕೂ ದಾರ ಪೋಣಿಸಿ ಚೀಟಿ ಕಟ್ಟುತ್ತಿದ್ದಳು. ಮೂರು ತಿಂಗಳು ಕಾಯುವುದು, ಆಮೇಲೆ ವಿಲೇವಾರಿ. ಅವಧಿ ಮುಗಿದ ಮರುದಿನ ಬಂದು ಗೋಗರೆದವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: ಚೀಟಿ ಮೇಲೆ ತಾರೀಖು ಇತ್ತಲ್ಲ. ಆ ದನಿಯಲ್ಲಿ ಸಿಟ್ಟಿರುತ್ತಿರಲಿಲ್ಲ, ಮರುಕವೂ ಇರುತ್ತಿರಲಿಲ್ಲ. ಅವಳನ್ನು ಬಲ್ಲವರಿಗೆ ಈಗ ಮೊದಲು ನೆನಪಾಗುವುದು ಆ ದನಿಯೇ.

ಹುಟ್ಟಿದ್ದು ಬೆಟ್ಟಗಳ ನಡುವಿನ ಕೂರ್ ಪಟ್ಟಣದಲ್ಲಿ. ಅಪ್ಪ ಲೂತ್ಸಿ, ಬೆಟ್ಟದ ರೈಲಿನ ಹಳಿ ಕಾಯುವವನು. ಅವನ ಸಮಾಧಿಗೆ ಅಂಗಡಿಯ ಕಲ್ಲು ತಂದಿರಲಿಲ್ಲ. ಹಳಿಯ ಪಕ್ಕದ ಹೊಳೆಯಿಂದ ಅವನೇ ಆರಿಸಿಟ್ಟಿದ್ದ, ಊಟದ ತಟ್ಟೆಯಷ್ಟಗಲದ ಚಪ್ಪಟೆ ಕಲ್ಲು. ಅದರ ಮೇಲೆ ಅವನ ಜೊತೆಗಾರನೊಬ್ಬ ಹೆಸರು ಕೊರೆದುಕೊಟ್ಟಿದ್ದ. ಅವರ ದೇಶದಲ್ಲಿ ಸಮಾಧಿಯೂ ಶಾಶ್ವತವಲ್ಲ. ಇಪ್ಪತ್ತೈದು ವರ್ಷವಾದ ಮೇಲೆ ಒಂದೊಂದು ಸಾಲನ್ನೇ ತೆರವು ಮಾಡಿ ಹುಲ್ಲು ಬಿತ್ತುತ್ತಾರೆ. ಅದಕ್ಕೆ ಮೊದಲು ಪ್ರತಿ ಸಮಾಧಿಗೂ ಒಂದು ಚೀಟಿ ಸಿಕ್ಕಿಸುತ್ತಾರೆ: ಇಂಥ ತಾರೀಖಿನೊಳಗೆ ಕಲ್ಲು ಬೇಕಾದವರು ಒಯ್ಯಬಹುದು. ಮೆಂಜಾ ಆ ಚೀಟಿಗಾಗಿ ಕಾಯುತ್ತಿದ್ದಳು. ಕಲ್ಲನ್ನು ಮನೆಗೆ ತಂದು ಅಡುಗೆಮನೆಯ ಬಾಲ್ಕನಿಯಲ್ಲಿಡಬೇಕು ಎಂಬುದು ಅವಳು ಜೀವನದಲ್ಲಿ ಹಟ ಹಿಡಿದ ಒಂದೆರಡು ಸಂಗತಿಗಳಲ್ಲಿ ಒಂದು.

ಪ್ರತಿ ಏಪ್ರಿಲ್‌ನಲ್ಲಿ ಅವಳೂ ಗಂಡ ರೂದಿಯೂ ಕೂರ್‌ಗೆ ಹೋಗುತ್ತಿದ್ದರು. ಹಳೇಪೇಟೆಯ ಸಂತೆಯಲ್ಲಿ ಆರು ಪ್ಯಾನ್ಸಿ ಹೂವಿನ ಸಸಿ ಕೊಳ್ಳುವುದು, ಸಮಾಧಿಗೆ ನೆಡುವುದು, ಬಾರ್ಲಿ ಸೂಪು ಕುಡಿದು ಸಂಜೆಯ ರೈಲು ಹಿಡಿಯುವುದು. ಹೋದ ವರ್ಷ ಮಾತ್ರ ರೂದಿ ಸೂಪೇ ಮೊದಲಾಗಲಿ ಎಂದ. ಸೂಪಾದ ಮೇಲೆ ವಾಲ್‌ನಟ್ ಕೇಕು ತಿನ್ನೋಣ ಎಂದ. ಕಲಾಂಡ ಬೆಟ್ಟದ ನೆತ್ತಿಯ ಹಿಮ ಈ ಸಲ ಬೇಗ ಕರಗಿದೆ ಎಂದು ಎರಡು ಸಲ ಹೇಳಿದ. ನಲವತ್ತು ವರ್ಷದಲ್ಲಿ ಅವನು ಬೆಟ್ಟದ ಬಗ್ಗೆ ಮಾತಾಡಿದ್ದೇ ಇಲ್ಲ.

“ಇವತ್ತೇನು, ಊರು ತೋರಿಸೋ ಗೈಡ್ ಆಗ್ಬಿಟ್ಟೆ?” ಎಂದು ಮೆಂಜಾ ಛೇಡಿಸಿದಳು. “ನಾನು ಇಲ್ಲೇ ಹುಟ್ಟಿದೋಳು ಕಣೋ.”

ಸ್ಮಶಾನದ ಗೇಟಿನ ಬಳಿಯ ನಲ್ಲಿಯಲ್ಲಿ ಎಂದಿನಂತೆ ನೀರಿನ ಡಬ್ಬಿ ತುಂಬಿಸಿದಳು. ಅಪ್ಪನದು ಅಲ್ಲಿಂದ ಐದನೇ ಸಾಲು. ಐದನೇ ಸಾಲು ಇರಲಿಲ್ಲ. ನಾಲ್ಕರ ನಂತರ ಎಳೆಯ ಹುಲ್ಲು, ಆಮೇಲೆ ಆರು. ಅವಳು ನಲ್ಲಿಯವರೆಗೆ ವಾಪಸು ಹೋಗಿ ಮತ್ತೆ ಎಣಿಸುತ್ತ ಬಂದಳು. ಸಸಿಗಳ ಟ್ರೇ ಕೈಯಲ್ಲೇ ಇತ್ತು.

ಕಾತೊಮಾಸ್ ಎಂಬ ತೋಟಗಾರ ಕೈಗಾಡಿ ತಳ್ಳಿಕೊಂಡು ಬಂದ. ಸಾಲನ್ನು ನವೆಂಬರ್ ಕೊನೆಗೆ ತೆಗೆದಾಯಿತೆಂದೂ, ಅದಕ್ಕೂ ಹಿಂದಿನ ವಸಂತದಲ್ಲೇ ಎಲ್ಲದಕ್ಕೂ ಚೀಟಿ ಹಾಕಿದ್ದೆವೆಂದೂ ಹೇಳಿದ.

“ಹೋದ ವಸಂತದಲ್ಲಿ ನಾವು ಬಂದಿದ್ವಲ್ಲ. ಚೀಟಿ ಇರ್ಲಿಲ್ಲ,” ಎಂದಳು ಮೆಂಜಾ.

“ಇತ್ತಮ್ಮ. ನಾನೇ ಸಿಕ್ಕಿಸಿದ್ದು.”

ರೂದಿ ಒಳಜೇಬಿನಿಂದ ಪರ್ಸು ತೆಗೆದ. ಅದರಿಂದ ನಾಲ್ಕು ಮಡಿಕೆಯಾದ ಹಸಿರು ಚೀಟಿಯೊಂದನ್ನು ತೆಗೆದು ಅವಳ ಮುಂದೆ ಹಿಡಿದ.

“ನಿಂಗೆ ಆಪರೇಷನ್ ಆಗಿ ಮೂರು ವಾರ ಆಗಿತ್ತು. ನೀನು ನೀರು ತರೋಕೆ ಹೋದಾಗ ಕಿತ್ಕೊಂಡೆ. ಬೇಸಿಗೇಲಿ ಹೇಳೋಣ ಅಂದ್ಕೊಂಡೆ.”

“ಬೇಸಿಗೇಲಿ ಯಾಕೆ ಹೇಳ್ಲಿಲ್ಲ?”

“ದಿನಾ ಬೆಳಿಗ್ಗೆ ಕಾಫಿ ಕುಡೀತಾ ಸಮಾಧಿ ಕಲ್ಲು ನೋಡೋದು ನನ್ನ ಕೈಲಿ ಆಗಲ್ಲ ಮೆಂಜಾ. ಅದೂ ನಿಂಗೆ ಹುಷಾರಿಲ್ಲದಾಗ.”

ಅವಳು ಚೀಟಿಯನ್ನು ಎರಡೂ ಬದಿ ಓದಿದಳು. ತಾರೀಖು ಸ್ಪಷ್ಟವಾಗಿತ್ತು. ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿ ಅವನಿಗೇ ಕೊಟ್ಟು, ಕಾತೊಮಾಸ್‌ನತ್ತ ತಿರುಗಿ, ಯಾರೂ ಒಯ್ಯದ ಕಲ್ಲುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಳು. ಪುಡಿ ಮಾಡಿ ರಸ್ತೆಗೆ ಹಾಕುತ್ತಾರೆ ಎಂದ. ಕೆಲವು ಶೆಡ್ಡಿನ ಹಿಂದೆ ಉಳಿದಿವೆ ಎಂದು ಕರೆದುಕೊಂಡು ಹೋದ. ಅಲ್ಲಿದ್ದವು ಹನ್ನೊಂದು ಕಲ್ಲುಗಳು, ಎಲ್ಲವೂ ನುಣುಪು ಮಾಡಿದ ಗ್ರಾನೈಟು. ನಮ್ಮದು ಹೊಳೆಯ ಕಲ್ಲು, ಇಷ್ಟಗಲ, ಎಂದು ಅವಳು ಕೈಯಲ್ಲಿ ತೋರಿಸಿದಳು.

ತೋಟಗಾರ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. “ಅದಾ? ಅದನ್ನ ಒಡೆಯೋಕೆ ಮನಸ್ಸು ಬರ್ಲಿಲ್ಲ. ನಲ್ಲಿ ಕೆಳಗೆ ಹಾಕಿದೀನಿ. ಡಬ್ಬಿ ಇಡೋಕೆ ಚೆನ್ನಾಗಿ ಕೂರುತ್ತೆ.”

ಮೂವರೂ ನಲ್ಲಿಯ ಬಳಿ ಬಂದರು. ಅರ್ಧ ಗಂಟೆಯ ಹಿಂದೆ ಅವಳು ಡಬ್ಬಿ ಇಟ್ಟಿದ್ದ ಜಾಗದಲ್ಲಿ ನೀರಿನ ಉಂಗುರ ಇನ್ನೂ ಆರಿರಲಿಲ್ಲ. ಹೆಸರಿನ ಮೇಲೆ ಡಬ್ಬಿ ಇಡಿಸುವುದು ತಪ್ಪೆಂದು ಕಾತೊಮಾಸ್ ಕಲ್ಲನ್ನು ಮಗುಚಿ ಹಾಕಿದ್ದ. ಈಗ ಒಂದಂಚು ಎತ್ತಿ ತೋರಿಸಿದ. ಅಕ್ಷರಗಳಲ್ಲಿ ಮಣ್ಣು ಮೆತ್ತಿತ್ತು. ಮೆಂಜಾ ಬೆರಳಿನಿಂದ ಒಂದು ಅಕ್ಷರ ಬಿಡಿಸಿ ನೋಡಿದಳು.

ರೂದಿ ಕೋಟು ಬಿಚ್ಚಿದ. ಎಪ್ಪತ್ತೊಂದು ವರ್ಷ, ಸೊಂಟ ನೋವಿನವನು. ನಾನೇ ಹೊರುತ್ತೇನೆ, ಸ್ಟೇಷನ್ನಿಗಷ್ಟೇ ಅಲ್ಲ, ಓಲ್ಟನ್ ತನಕ ಹೊರುತ್ತೇನೆ ಎಂದ. ಕೈಗಾಡಿ ಕೊಡುತ್ತೇನೆ ಎಂದ ತೋಟಗಾರ. ಇಬ್ಬರೂ ಬಗ್ಗಿ ಹಿಡಿದುಕೊಂಡಾಗ ಅವಳು ತಡೆದಳು.

“ಬಿಡ್ರೋ. ಅಲ್ಲೇ ಇರ್ಲಿ. ಅಪ್ಪ ಒಂದಿನ ಸುಮ್ನೆ ಕೂತೋನಲ್ಲ. ನಮ್ಮ ಬಾಲ್ಕನೀಲಿ ಏನು ಮಾಡ್ತಾನೆ? ಇಲ್ಲಿ ಅವನಿಗೊಂದು ಕೆಲಸ ಇದೆ.”

ಆರು ಸಸಿಗಳನ್ನೂ ನಲ್ಲಿಯ ಸುತ್ತ ನೆಟ್ಟಳು. ಹುಲ್ಲು ಕತ್ತರಿಸುವಾಗ ಅಷ್ಟು ಜಾಗ ಬಿಡುವೆನೆಂದು ಕಾತೊಮಾಸ್ ಒಪ್ಪಿಕೊಂಡ.

ವಾಪಸು ರೈಲಿನಲ್ಲಿ ರೂದಿ ಕಿಟಕಿಯಾಚೆಗಿನ ಹೂಬಿಟ್ಟ ಸೇಬಿನ ಮರಗಳನ್ನು ನೋಡುವವನಂತೆ ಕೂತಿದ್ದ. ಜಾರ್ಗಾನ್ಸ್ ನಿಲ್ದಾಣ ದಾಟಿದ ಮೇಲೆ ಅವಳೇ ಕೇಳಿದಳು: “ಆ ಪರ್ಸಲ್ಲಿ ಇನ್ನೇನೇನು ಬಚ್ಚಿಟ್ಟಿದೀಯ? ಈಗ್ಲೇ ಹೇಳ್ಬಿಡು.” ಅವನು ಪರ್ಸನ್ನೇ ಅವಳ ಮಡಿಲಿಗೆ ಹಾಕಿದ. ಅವಳು ತೆರೆಯಲಿಲ್ಲ.

ಈ ಜನವರಿಯಲ್ಲಿ ಮೆಂಜಾ ತೀರಿಕೊಂಡಳು. ಅವಳ ಮೇಜಿನ ಖಾನೆಯಲ್ಲಿ ಒಂದು ಕಾಗದ ಸಿಕ್ಕಿತು. ಅದಕ್ಕೆ ದಾರದಿಂದ ಕಟ್ಟಿದ್ದ ನಿಲ್ದಾಣದ ಹಳೆಯ ಚೀಟಿಯ ಮೇಲೆ ರೂದಿಯ ಹೆಸರಿತ್ತು. ತನ್ನನ್ನು, ಹಲವರ ಬೂದಿಯನ್ನು ಒಟ್ಟಿಗೆ ಹೂಳುವ ಓಲ್ಟನ್ನಿನ ಸಾಮೂಹಿಕ ಸಮಾಧಿಯಲ್ಲಿಡಬೇಕು, ಕಲ್ಲು ಬೇಡ, ಹೆಸರು ಬೇಡ ಎಂದು ಬರೆದಿದ್ದಳು. ಕೆಳಗೆ ಒಂದು ಸಾಲು: “ನಿನಗೆ ಕಿತ್ತುಕೊಳ್ಳಲು ಇಲ್ಲಿ ಚೀಟಿಯೇ ಬರುವುದಿಲ್ಲ.” ಹಾಗೆಯೇ ಮಾಡಿದರು.

ಏಪ್ರಿಲ್‌ನಲ್ಲಿ ರೂದಿ ಒಬ್ಬನೇ ಆರು ಸಸಿ ಹಿಡಿದು ಕೂರ್‌ಗೆ ಹೋಗಿಬಂದ. ಹೇಗಿತ್ತು ಎಂದು ಕೇಳಿದ್ದಕ್ಕೆ, ನಲ್ಲಿ ಸ್ವಲ್ಪ ಸೋರುತ್ತಿದೆ, ಕಾತೊಮಾಸ್‌ಗೆ ಹೇಳಿದ್ದೇನೆ, ಎಂದಷ್ಟೇ ಹೇಳಿದ.